ಭಯೋತ್ಪಾದನೆ ತಡೆಯಲು ಎಲ್ಲರ ಫೋನನ್ನೂ ಸರ್ಕಾರ ನೋಡಬೇಕಾ?

ಪ್ರಶ್ನೆ: ನಾವಿರುವುದು ವೈಟ್‌ಫೀಲ್ಡ್ ಕಡೆ. 2024ರಲ್ಲಿ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ನನ್ನ ಮಗ ಅಲ್ಲೇ ಹತ್ತಿರದ ಆಫೀಸಿನಲ್ಲಿದ್ದ. ಹತ್ತು ನಿಮಿಷ ಅವನ ಫೋನ್ ಸಿಗಲಿಲ್ಲ. ಈಗ ಮಗಳ ಕಾಲೇಜಿನಲ್ಲಿ 'ಭಯೋತ್ಪಾದನೆ ಇರುವಾಗ ಸರ್ಕಾರದ ಕಣ್ಗಾವಲು ಸರಿಯೇ' ಎಂಬ ಚರ್ಚಾಸ್ಪರ್ಧೆ ಇದೆ. ಅವಳು ಸರಿಯಲ್ಲ ಎಂದು ಮಾತಾಡುತ್ತಾಳಂತೆ. ನಾನು ಹೇಳುವುದಿಷ್ಟೇ: ತಪ್ಪು ಮಾಡದವರಿಗೆ ಭಯ ಏಕೆ? ನನ್ನ ಫೋನ್ ಬೇಕಾದರೆ ಕೇಳಲಿ, ಮಗ ಮನೆಗೆ ಬಂದರೆ ಸಾಕು. ಮನೆಯಲ್ಲಿ ದಿನಾ ಇದೇ ವಾದ. ಯಾರು ಹೇಳುವುದು ಸರಿ? — ಒಬ್ಬ ತಾಯಿ, ಬೆಂಗಳೂರು

ಉತ್ತರ: ನಮಸ್ಕಾರ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಆ ಹತ್ತು ನಿಮಿಷ ಕಳೆದವರಿಗೆ 'ಖಾಸಗಿತನ' ಅನ್ನುವ ಮಾತು ತೀರಾ ಸಣ್ಣದಾಗಿ ಕಾಣುತ್ತದೆ. ಹಾಗಾಗಿ ನಾನು ಆ ಮಾತನ್ನು ಮೊದಲು ಎತ್ತುವುದಿಲ್ಲ. ನಿಮ್ಮ ಮಗನಿಂದಲೇ ಶುರು ಮಾಡೋಣ. ಎಲ್ಲರ ಫೋನನ್ನೂ ಸರ್ಕಾರ ನೋಡಿದರೆ ಅವನಿಗೆ ಈಗ ಇರುವುದಕ್ಕಿಂತ ಜಾಸ್ತಿ ರಕ್ಷಣೆ ಸಿಗುತ್ತದಾ?

ಸಿಗುವುದಿಲ್ಲ ಎಂದು ನಾನು ನಂಬುತ್ತೇನೆ. ವಕೀಲನಾಗಿ ಇಂಥ ಪ್ರಕರಣಗಳ ಕಾಗದ ಓದುತ್ತಾ ಬಂದವನು ನಾನು. ಅನುಮಾನಕ್ಕೆ ಕಾರಣವಿರುವ ವ್ಯಕ್ತಿಯ ಫೋನ್ ಕೇಳುವ ಅಧಿಕಾರ ಪೊಲೀಸರಿಗೆ ಇರಲೇಬೇಕು. ಅದನ್ನು ಬೇಡ ಅನ್ನುವವರ ಜೊತೆ ನಾನಿಲ್ಲ. ಆದರೆ ಎಲ್ಲರನ್ನೂ ನೋಡುವುದು ಬೇರೆ, ಒಬ್ಬನನ್ನು ನೋಡುವುದು ಬೇರೆ. ಆ ಒಬ್ಬನನ್ನು ನೋಡುವುದಕ್ಕೂ ಸರ್ಕಾರದ ಹೊರಗಿನವರ, ಅಂದರೆ ನ್ಯಾಯಾಧೀಶರ ಸಹಿ ಬೇಕು.

ಕೆಫೆಯ ಪ್ರಕರಣವನ್ನೇ ನೋಡಿ. 2024ರ ಮಾರ್ಚ್ 1ರಂದು ಸ್ಫೋಟವಾಯಿತು, ಸುಮಾರು 10 ಜನ ಗಾಯಗೊಂಡರು. ಟೋಪಿ, ಮಾಸ್ಕ್ ಹಾಕಿಕೊಂಡು ಬಂದು ಬ್ಯಾಗ್ ಇಟ್ಟು ಹೋದವನ ಚಿತ್ರ ಸಿಸಿಟಿವಿಯಲ್ಲಿ ಸಿಕ್ಕಿತು. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಜಾಡು ಹಿಡಿದು ಹೋದರು. ಏಪ್ರಿಲ್ 12ಕ್ಕೆ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ಇಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಹಿಡಿಯಿತು. ಇದು ಒಳ್ಳೆಯ ಪೊಲೀಸ್ ಕೆಲಸ. ಆ ಕ್ಯಾಮೆರಾಗಳು ಇಲ್ಲದಿದ್ದರೆ ಕಷ್ಟವಾಗುತ್ತಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಎನ್‌ಐಎ ಆಗ ಹೇಳಿದ ಇನ್ನೊಂದು ಸಂಗತಿಯ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ಇಬ್ಬರು 2020ರಿಂದಲೇ ಬೇರೊಂದು ಪ್ರಕರಣದಲ್ಲಿ ತಲೆಮರೆಸಿಕೊಂಡಿದ್ದರು. ಅಂದರೆ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು. ಕೊರತೆ ಇದ್ದದ್ದು ಗೊತ್ತಿದ್ದವರನ್ನು ಹುಡುಕುವ ಕೈಗಳದ್ದು. ಕೋಟಿ ಕೋಟಿ ಜನರ ಫೋನ್ ಮಾಹಿತಿ ತಂದು ಗುಡ್ಡೆ ಹಾಕಿದರೆ ಆ ಕೊರತೆ ನೀಗುವುದಿಲ್ಲ.

ಮುಂಬೈ ದಾಳಿಯ ಕಥೆಯೂ ಹೀಗೇ. 2008ರ ನವೆಂಬರ್ 26ರಂದು ಶುರುವಾದ ಆ ದಾಳಿಯಲ್ಲಿ 166 ಜನ ಸತ್ತರು. ನಮ್ಮಲ್ಲಿ ಕಣ್ಗಾವಲಿನ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಅದೇ. ಆದರೆ ಸಮುದ್ರದ ಮೂಲಕ ದಾಳಿ ಆಗಬಹುದು, ತಾಜ್ ಹೋಟೆಲ್ ಗುರಿಯಾಗಬಹುದು ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಹೋಟೆಲಿನಲ್ಲಿ ಭದ್ರತೆ ಹೆಚ್ಚಿಸಿ ಮತ್ತೆ ಸಡಿಲ ಬಿಟ್ಟಿದ್ದರು. ದಾಳಿಯ ಜಾಗಗಳನ್ನು ಮೊದಲೇ ಬಂದು ನೋಡಿಕೊಂಡು ಹೋಗಿದ್ದ ಡೇವಿಡ್ ಹೆಡ್ಲಿ ಬಗ್ಗೆ ಅವನ ಹೆಂಡತಿಯರೇ ಅಮೆರಿಕದ ಅಧಿಕಾರಿಗಳಿಗೆ ತಿಳಿಸಿದ್ದರು. ಸುಳಿವುಗಳು ಇದ್ದವು. ಅವು ಒಂದೊಂದು ದೇಶದಲ್ಲಿ, ಒಂದೊಂದು ಇಲಾಖೆಯ ಕಡತದಲ್ಲಿ ಬಿದ್ದಿದ್ದವು. ಇನ್ನು ದಾಳಿ ನಡೆಯುತ್ತಿದ್ದಾಗ ಹಂತಕರಿಗೂ ಪಾಕಿಸ್ತಾನದಲ್ಲಿ ಕೂತು ಆಜ್ಞೆ ಕೊಡುತ್ತಿದ್ದವರಿಗೂ ನಡೆದ ಮಾತನ್ನು ನಮ್ಮವರು ಧ್ವನಿಮುದ್ರಿಸಿಕೊಂಡರು. ಅದು ಕೋರ್ಟಿನಲ್ಲಿ ಬಹಳ ಗಟ್ಟಿ ಸಾಕ್ಷಿಯಾಯಿತು. ಅದೂ ಕದ್ದಾಲಿಕೆಯೇ. ಆದರೆ ಗೊತ್ತಾದ ನಂಬರು, ಗೊತ್ತಾದ ಅಪರಾಧ. ಅಂಥ ಕದ್ದಾಲಿಕೆಗೆ ನನ್ನ ತಕರಾರು ಏನೂ ಇಲ್ಲ.

ಎಲ್ಲರನ್ನೂ ನೋಡುವ ಪ್ರಯೋಗವನ್ನು ಅಮೆರಿಕ ಮಾಡಿ ನೋಡಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿನ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ದೇಶದ ಜನರ ಫೋನ್ ಕರೆಗಳ ವಿವರವನ್ನು ರಾಶಿಗಟ್ಟಲೆ ಸಂಗ್ರಹಿಸತೊಡಗಿತು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಇಷ್ಟೇ. ಮಾತು ಏನು ಅನ್ನುವುದು ಬೇಡ. ನಮ್ಮ ಠಾಣೆಗಳಲ್ಲಿ ಸಿಡಿಆರ್ ಅನ್ನುತ್ತಾರಲ್ಲ, ಅದೇ. 2013ರಲ್ಲಿ, ಅದೇ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಇದನ್ನು ಬಯಲು ಮಾಡಿದಾಗ, ಈ ಕಣ್ಗಾವಲಿನಿಂದ 54 ಸಂಚು ತಡೆದಿದ್ದೇವೆ ಎಂದು ಅಧಿಕಾರಿಗಳು ಹೇಳಿದರು. ಕಾನೂನಿನ ಮೂಲಕ ರಚಿತವಾದ ಒಂದು ಸ್ವತಂತ್ರ ಮಂಡಳಿ ಗುಪ್ತ ಕಡತಗಳನ್ನೇ ತರಿಸಿ ಓದಿತು. ಈ ಕರೆ ವಿವರಗಳ ರಾಶಿಯಿಂದಾಗಿ ಭಯೋತ್ಪಾದನೆಯ ತನಿಖೆಯೊಂದರ ಫಲಿತಾಂಶ ಬದಲಾದ ಒಂದೇ ಒಂದು ಉದಾಹರಣೆಯೂ ತಮಗೆ ಸಿಗಲಿಲ್ಲ ಎಂದು 2014ರ ಜನವರಿಯಲ್ಲಿ ಬರೆಯಿತು. ಅಲ್ಲಿಯವರೆಗೆ ಗೊತ್ತಿಲ್ಲದ ಒಬ್ಬ ವ್ಯಕ್ತಿ ಸಿಕ್ಕಿಬಿದ್ದಿದ್ದು ಒಂದು ಸಲ ಮಾತ್ರ. ಸ್ಯಾನ್ ಡಿಯಾಗೋದ ಒಬ್ಬ ಟ್ಯಾಕ್ಸಿ ಚಾಲಕ, ಸೊಮಾಲಿಯಾದ ಉಗ್ರ ಸಂಘಟನೆಗೆ ಸುಮಾರು 8,500 ಡಾಲರ್ ಕಳಿಸಿದ ಪ್ರಕರಣ. ಬಾಂಬ್ ಇಡುವ ಸಂಚು ಅದರಲ್ಲಿರಲಿಲ್ಲ. 2015ರಲ್ಲಿ ಅಮೆರಿಕದ ಸಂಸತ್ತು ಆ ರಾಶಿ ಸಂಗ್ರಹವನ್ನು ನಿಲ್ಲಿಸಿತು.

ಮಗಳಿಗೆ ಇದರ ಇನ್ನೊಂದು ಮುಖವನ್ನೂ ಹೇಳಿ. ಇಲ್ಲದಿದ್ದರೆ ಎದುರಿನವರು ಅವಳನ್ನು ಅಲ್ಲೇ ಹಿಡಿಯುತ್ತಾರೆ. 2009ರಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಬಾಂಬ್ ಇಡುವ ಸಂಚೊಂದು ಸಿಕ್ಕಿಬಿತ್ತು. ಪಾಕಿಸ್ತಾನದಲ್ಲಿದ್ದ ಅಲ್-ಖೈದಾದವನೊಬ್ಬನ ಇಮೇಲ್ ವಿಳಾಸದ ಮೇಲೆ ಕಣ್ಣಿಟ್ಟಿದ್ದರು. ಸ್ಫೋಟಕದ ಮಿಶ್ರಣದ ಅಳತೆ ಕೇಳಿ ಅಮೆರಿಕದೊಳಗಿಂದ ಅದಕ್ಕೊಂದು ಪತ್ರ ಬಂತು. ಬರೆದವನನ್ನು ಹಿಡಿದರು, ಎಷ್ಟೋ ಜೀವ ಉಳಿಯಿತು. ವಿದೇಶದಲ್ಲಿರುವ ಗೊತ್ತಾದ ಗುರಿಯ ಮೇಲೆ ಕಣ್ಣಿಡುವ ಈ ಬಗೆಯಿಂದ ಉಪಯೋಗವಾಗಿದೆ ಎಂದು ಅದೇ ಮಂಡಳಿ ಅದೇ ವರ್ಷ ಹೇಳಿತು. ಒಂದೇ ದೇಶ, ಒಂದೇ ಸಂಸ್ಥೆ, ಒಂದೇ ಮಂಡಳಿ. ಗುರಿ ಇದ್ದಾಗ ಕೆಲಸಕ್ಕೆ ಬಂತು, ಗುರಿ ಇಲ್ಲದೆ ರಾಶಿ ಹಾಕಿದ್ದು ಬರಲಿಲ್ಲ.

ಯಾಕೆ ಹೀಗೆ? ಇದಕ್ಕೆ ಒಂದು ಸರಳ ಲೆಕ್ಕ ಇದೆ. ಅಡುಗೆಮನೆಯಿಂದಲೇ ಹೇಳುತ್ತೇನೆ. ಒಂದು ಮೊರ ಅಕ್ಕಿಯಲ್ಲಿ ಕಲ್ಲು ಆರಿಸುವುದು ನಿಮಗೆ ಕಷ್ಟವಲ್ಲ. ಮಾರುಕಟ್ಟೆಯ ಗೋದಾಮಿನ ಅಕ್ಕಿಯನ್ನೆಲ್ಲ ತಂದು ಅಂಗಳಕ್ಕೆ ಸುರಿದರೆ? ಕಲ್ಲು ಅದರಲ್ಲೇ ಇರುತ್ತದೆ, ನಿಜ. ಆರಿಸುವವರು ಯಾರು?

ಈಗ ಅಂಕಿ ಹಾಕೋಣ. 100 ಕೋಟಿ ಫೋನ್ ಬಳಕೆದಾರರು ಎಂದಿಟ್ಟುಕೊಳ್ಳಿ. ಅದರಲ್ಲಿ 1,000 ಜನ ಉಗ್ರರು. ಒಂದು ಕಂಪ್ಯೂಟರ್ ವ್ಯವಸ್ಥೆ 100ಕ್ಕೆ 99 ಸಲ ಸರಿಯಾಗಿ ಗುರುತಿಸುತ್ತದೆ. ಅಷ್ಟು ನಿಖರವಾದದ್ದು ಎಲ್ಲೂ ಇಲ್ಲ, ಆದರೂ ಇರಲಿ. ಅದು ಆ 1,000ದಲ್ಲಿ 990 ಜನರನ್ನು ಹಿಡಿದು ತೋರಿಸುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಉಳಿದ 100 ಕೋಟಿಯಲ್ಲಿ ಶೇಕಡಾ 1ರಷ್ಟು, ಅಂದರೆ ಸುಮಾರು 1 ಕೋಟಿ ಅಮಾಯಕರನ್ನೂ ಉಗ್ರರೆಂದೇ ತೋರಿಸುತ್ತದೆ. ಪೊಲೀಸರ ಮೇಜಿನ ಮೇಲೆ ಬರುವ ಪ್ರತಿ 10,000 ಹೆಸರಿನಲ್ಲಿ ನಿಜವಾದವನು ಒಬ್ಬ. ಉಳಿದ 9,999 ಜನರ ಹಿಂದೆ ಅಲೆಯುವಷ್ಟರಲ್ಲಿ 2020ರಿಂದ ತಲೆಮರೆಸಿಕೊಂಡವರ ಕಡತದ ಮೇಲೆ ಧೂಳು ಕೂತಿರುತ್ತದೆ. ನಿಮ್ಮ ಮಗನ ಸುರಕ್ಷತೆಗೆ ಅಡ್ಡ ಬರುವುದು ಇದೇ.

ಆ 9,999 ಜನರಲ್ಲಿ ಒಬ್ಬರಾದರೆ ಏನಾಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಕಕ್ಷಿದಾರರೊಬ್ಬರು ಎಸಿ ರಿಪೇರಿ ಮಾಡುವವರು. ಒಂದು ದೊಡ್ಡ ಪ್ರಕರಣದಲ್ಲಿ ಪೊಲೀಸರು ಆ ಜಾಗದ ಟವರ್ ಡಂಪ್ ತೆಗೆಸಿದರು. ಅಂದರೆ ಆ ಹೊತ್ತಿನಲ್ಲಿ ಆ ಟವರಿನ ವ್ಯಾಪ್ತಿಯಲ್ಲಿದ್ದ ಎಲ್ಲ ಫೋನ್ ನಂಬರುಗಳ ಪಟ್ಟಿ. ಅವರು ಪಕ್ಕದ ಬೀದಿಯಲ್ಲಿ ಕೆಲಸಕ್ಕೆ ಹೋಗಿದ್ದರು. ಅದೇ ದಿನ ಅವರ ಫೋನ್ ಮೂರು ಗಂಟೆ ಸ್ವಿಚ್ ಆಫ್ ಆಗಿತ್ತು. ಬ್ಯಾಟರಿ ಹೋಗಿತ್ತು, ಅಷ್ಟೇ. ನಾಲ್ಕು ಸಲ ಠಾಣೆಗೆ ಕರೆದರು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಪೊಲೀಸರು ಮನೆ ಹತ್ತಿರ ಬಂದು ವಿಚಾರಿಸಿದ್ದು ಬೀದಿಗೆಲ್ಲ ಗೊತ್ತಾಯಿತು. ಎರಡು ಅಪಾರ್ಟ್‌ಮೆಂಟ್‌ನವರು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಅವರ ಹೆಸರು ಪಟ್ಟಿಯಿಂದ ಹೋಯಿತು, ಹೋದ ಗಿರಾಕಿಗಳು ಮಾತ್ರ ವಾಪಸ್ ಬರಲಿಲ್ಲ. 'ತಪ್ಪು ಮಾಡದವರಿಗೆ ಭಯ ಏಕೆ' ಎಂದು ನೀವು ಕೇಳಿದ್ದೀರಿ. ಅವರೂ ಏನೂ ತಪ್ಪು ಮಾಡಿರಲಿಲ್ಲ.

ಇನ್ನು ಸಹಿಯ ವಿಷಯ. ನನ್ನ ಉತ್ತರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮಲ್ಲಿ ಫೋನ್ ಕದ್ದಾಲಿಕೆಗೆ ಆಧಾರವಾಗಿ ಬಹುಕಾಲ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಬ್ರಿಟಿಷರ ಕಾಲದ್ದು. ಅದರ 5(2)ನೇ ಕಲಂ ಪ್ರಕಾರ ಸಾರ್ವಜನಿಕ ತುರ್ತು ಇರಬೇಕು, ಇಲ್ಲವೇ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಇರಬೇಕು. ಆಗ ಮಾತ್ರ ಕದ್ದಾಲಿಸಬಹುದು. ಹೇಗೆ, ಯಾರು, ಎಷ್ಟು ದಿನ ಅನ್ನುವುದಕ್ಕೆ ನಿಯಮವೇ ಇರಲಿಲ್ಲ. ರಾಜಕಾರಣಿಗಳ ಫೋನ್ ಕದ್ದಾಲಿಕೆಯ ವಿಷಯ ಹೊರಬಿದ್ದ ಮೇಲೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಾಧೀಶರ ಅನುಮತಿ ಬೇಕು ಎಂದು ಅವರು ಕೇಳಿದರು. ಕಾನೂನಿನಲ್ಲಿ ಹಾಗೆ ಇಲ್ಲದಿರುವಾಗ ನಾವು ಹೇಳಲಾಗದು ಎಂದಿತು ಕೋರ್ಟು. 1996ರ ಡಿಸೆಂಬರ್‌ನ ಆ ತೀರ್ಪು ಬೇರೆ ಕೆಲವು ಕಟ್ಟುಪಾಡುಗಳನ್ನು ಹಾಕಿತು. ಅವೇ ಮುಂದೆ 419ಎ ಎಂಬ ನಿಯಮವಾದವು. ಗೃಹ ಕಾರ್ಯದರ್ಶಿ ಆದೇಶ ಕೊಡಬೇಕು. ಒಂದು ಆದೇಶಕ್ಕೆ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ಮೀರಬಾರದು. ಎರಡು ತಿಂಗಳಿಗೊಮ್ಮೆ ಪರಿಶೀಲನಾ ಸಮಿತಿ ಸೇರಬೇಕು. ಕೇಂದ್ರದಲ್ಲಿ ಅದಕ್ಕೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ.

ಈಗ ಗಮನಿಸಿ. ಕೇಳುವವರು ಸರ್ಕಾರದ ಅಧಿಕಾರಿಗಳು, ಒಪ್ಪುವವರು ಸರ್ಕಾರದ ಅಧಿಕಾರಿ, ಸರಿಯಾಗಿ ನಡೆಯಿತೇ ಎಂದು ನೋಡುವವರೂ ಸರ್ಕಾರದ ಅಧಿಕಾರಿಗಳೇ. ಹೊರಗಿನ ಒಂದು ಕಣ್ಣೂ ಇಲ್ಲ. ಸರಿ, ಸಮಿತಿ ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತದೆ ಎಂದುಕೊಳ್ಳೋಣ. ಮಾಹಿತಿ ರಕ್ಷಣೆಯ ಕಾನೂನಿಗಾಗಿ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಬರೆದಂತೆ, ಕೇಂದ್ರದ ಈ ಸಮಿತಿಯ ಪ್ರತಿ ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಬರುತ್ತಿದ್ದವು. ಎಂಟು ಗಂಟೆ ಎದ್ದೇಳದೆ ಕೂತರೂ ಒಂದು ಆದೇಶಕ್ಕೆ 2 ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ಹೆಸರನ್ನೂ ಓದಲಾಗುವುದಿಲ್ಲ.

2023ರ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ಕದ್ದಾಲಿಕೆ ನಿಯಮಗಳೂ ಬಂದವು. 140 ವರ್ಷದ ಹಳೆ ಚೌಕಟ್ಟನ್ನು ಬದಲಿಸಲು ಅದು ಒಳ್ಳೆಯ ಅವಕಾಶವಾಗಿತ್ತು. ಅಧಿಕಾರಿಗಳೇ ಕೊಟ್ಟು ಅಧಿಕಾರಿಗಳೇ ಪರಿಶೀಲಿಸುವ ಕ್ರಮ ಹಾಗೇ ಉಳಿಯಿತು. ಇದು ನನಗೆ ತುಂಬಾ ಬೇಸರ ತಂದ ವಿಷಯ.

ಹೊರಗಿನ ಕಣ್ಣು ಇಲ್ಲದಾಗ ಏನಾಗುತ್ತದೆ? ಭಯೋತ್ಪಾದನೆಗೆಂದು ಕೊಟ್ಟ ಅಧಿಕಾರ ಬೇರೆ ಕಡೆ ಹರಿಯುತ್ತದೆ. 2019ರಲ್ಲಿ ಬಾಂಬೆ ಹೈಕೋರ್ಟ್ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿತು. ಅದು ಲಂಚದ ಪ್ರಕರಣ. ಲಂಚ ದೊಡ್ಡ ತಪ್ಪೇ, ಆದರೆ ಅದರಲ್ಲಿ ಸಾರ್ವಜನಿಕ ತುರ್ತೂ ಇರಲಿಲ್ಲ, ಸುರಕ್ಷತೆಯ ಪ್ರಶ್ನೆಯೂ ಇರಲಿಲ್ಲ. ಧ್ವನಿಮುದ್ರಣಗಳನ್ನು ನಾಶ ಮಾಡಿ ಎಂದಿತು ಕೋರ್ಟು. 2013ರಲ್ಲಿ ದೆಹಲಿಯಲ್ಲಿ ಇನ್ನೊಂದು ನಡೆಯಿತು. ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆ ವಿವರಗಳನ್ನು ಅಕ್ರಮವಾಗಿ ತೆಗೆಸಲು ನೋಡಿದ್ದಕ್ಕೆ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್‌ನನ್ನು ಬಂಧಿಸಿದರು. ಅಷ್ಟು ದೊಡ್ಡ ವಕೀಲರ, ಅಷ್ಟು ದೊಡ್ಡ ನಾಯಕರ ಸಿಡಿಆರ್‌ಗೇ ಈ ಗತಿಯಾದರೆ ನಮ್ಮ ನಿಮ್ಮದರ ಕಥೆ ಏನು?

ಕರ್ನಾಟಕದವರಿಗಂತೂ ಇದು ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಫೋನ್ ಕದ್ದಾಲಿಕೆಯ ಆರೋಪದ ಬಿಸಿಯಲ್ಲೇ. ಆ ಗದ್ದಲದಲ್ಲಿ ಎದ್ದ ಪ್ರಶ್ನೆ ರಾಜಕಾರಣಿಗಳ, ಪತ್ರಕರ್ತರ ಫೋನುಗಳದ್ದು. ಉಗ್ರರ ಮಾತೇ ಅಲ್ಲಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಭಯ ಇರುವುದರಿಂದಲೇ ಬೇಲಿಗೂ ಒಬ್ಬ ಕಾವಲುಗಾರ ಬೇಕು ಅನ್ನುತ್ತೇನೆ.

ಕಾವಲುಗಾರ ಇದ್ದರೆ ಉಗ್ರರನ್ನು ಹಿಡಿಯಲು ತಡವಾಗುತ್ತದೆ ಎಂದು ಹೇಳುವವರಿದ್ದಾರೆ. ಇದು ಒಳ್ಳೆಯ ಪ್ರಶ್ನೆ, ಹಗುರಾಗಿ ತೆಗೆದುಕೊಳ್ಳಬಾರದು. ಆದರೆ ತುರ್ತಿಗೆ ದಾರಿ ನಮ್ಮ ಹಳೆ ನಿಯಮದಲ್ಲೇ ಇತ್ತು. ಸಮಯವಿಲ್ಲದಾಗ ಹಿರಿಯ ಪೊಲೀಸ್ ಅಧಿಕಾರಿಯೇ ಕದ್ದಾಲಿಕೆ ಶುರು ಮಾಡಿ, ಮೂರು ದಿನದಲ್ಲಿ ತಿಳಿಸಿ, ಏಳು ದಿನದಲ್ಲಿ ಒಪ್ಪಿಗೆ ಪಡೆಯಬಹುದಿತ್ತು. ಆ ದಾರಿ ಹಾಗೇ ಇರಲಿ. ಏಳು ದಿನದೊಳಗಿನ ಆ ಸಹಿ ಗೃಹ ಕಾರ್ಯದರ್ಶಿಯ ಬದಲು ನ್ಯಾಯಾಧೀಶರದ್ದಾಗಲಿ ಎಂದಷ್ಟೇ ಕೇಳುತ್ತಿರುವುದು. ಬ್ರಿಟನ್ 2016ರ ಕಾಯ್ದೆಯಲ್ಲಿ ಇದನ್ನೇ ಮಾಡಿತು. ಅಲ್ಲಿ ಸಚಿವರು ಒಪ್ಪಿದರೂ ಸಾಲದು, ಒಬ್ಬ ನ್ಯಾಯಿಕ ಆಯುಕ್ತರೂ ಒಪ್ಪಬೇಕು. ತುರ್ತಿದ್ದರೆ ಆಮೇಲೆ ಒಪ್ಪಬಹುದು. ಬ್ರಿಟನ್ ಏನೂ ಭಯೋತ್ಪಾದನೆ ಕಾಣದ ದೇಶವಲ್ಲ. ಅಮೆರಿಕದಲ್ಲಿ ಸಾಮಾನ್ಯ ಅಪರಾಧದ ತನಿಖೆಗೆ ಫೋನ್ ಕೇಳಬೇಕಾದರೆ 1968ರಿಂದಲೇ ನ್ಯಾಯಾಧೀಶರ ಆದೇಶ ಬೇಕು. ಕದ್ದಾಲಿಕೆ ಮುಗಿದ 90 ದಿನದೊಳಗೆ ಆ ವ್ಯಕ್ತಿಗೆ ವಿಷಯ ತಿಳಿಸಬೇಕು. ಬೇಕಿದ್ದರೆ ನ್ಯಾಯಾಧೀಶರು ಅದನ್ನು ಮುಂದೂಡಬಹುದು. ನಮ್ಮಲ್ಲಿ ನಿಮ್ಮ ಫೋನ್ ಆರು ತಿಂಗಳು ಕೇಳಿ, ಏನೂ ಸಿಗದೆ ಬಿಟ್ಟರೂ ಅದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ಗೊತ್ತೇ ಆಗದಿದ್ದರೆ ಕೋರ್ಟಿಗೆ ಹೋಗುವುದು ಹೇಗೆ?

ಕೋರ್ಟಿಗೆ ಹೋದರೆ ಇಂದು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ವಾದಿಸಬಹುದು. ಹಿಂದೆ ಹಾಗಿರಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಪ್ರಕರಣವಿದೆ, 1962ರದ್ದು. ಪೊಲೀಸರು ಅವರ ಮೇಲೆ ಕಣ್ಣಿಟ್ಟಿದ್ದರು, ರಾತ್ರಿ ಹೊತ್ತು ಬಂದು ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. ರಾತ್ರಿ ಬಾಗಿಲು ತಟ್ಟುವುದು ತಪ್ಪು ಎಂದ ಸುಪ್ರೀಂ ಕೋರ್ಟ್, ಉಳಿದ ಕಣ್ಗಾವಲನ್ನು ಹಾಗೇ ಬಿಟ್ಟಿತು. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತು ಬಿದ್ದುಹೋಗಲು 55 ವರ್ಷ ಬೇಕಾಯಿತು. ಬೀಳಿಸಿದ್ದು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದರಿಂದಲೇ 2017ರ ಆಗಸ್ಟ್ 24ರ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದಕ್ಕೆ ಮಿತಿಯೇ ಇಲ್ಲ ಎಂದೇನೂ ಹೇಳಲಿಲ್ಲ. ದೇಶದ ಭದ್ರತೆಗಾಗಿ ಸರ್ಕಾರ ಅದನ್ನು ಮೊಟಕು ಮಾಡಬಹುದು. ಆದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು, ದುರುಪಯೋಗಕ್ಕೆ ತಡೆ ಇರಬೇಕು.

ಎಲ್ಲರನ್ನೂ ನೋಡುವ ವ್ಯವಸ್ಥೆ 'ಎಷ್ಟು ಬೇಕೋ ಅಷ್ಟೇ' ಅನ್ನುವ ಮಾತಿನಲ್ಲೇ ಸೋಲುತ್ತದೆ. ಅಧಿಕಾರಿಗಳ ಮೇಲೆ ಅಧಿಕಾರಿಗಳೇ ಕಾವಲಿರುವ ವ್ಯವಸ್ಥೆ 'ತಡೆ' ಅನ್ನುವ ಮಾತಿನಲ್ಲಿ ಸೋಲುತ್ತದೆ. ಇದು ನನ್ನ ಓದು. ಫೋನಿನೊಳಗೆ ನುಸುಳಿ ಗೂಢಚಾರಿಕೆ ಮಾಡುವ ಪೆಗಾಸಸ್ ಎಂಬ ತಂತ್ರಾಂಶದ ವಿಷಯದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹತ್ತಿರ ಹತ್ತಿರ ಇದನ್ನೇ: ದೇಶದ ಭದ್ರತೆ ಎಂದ ಮಾತ್ರಕ್ಕೆ ಸರ್ಕಾರವನ್ನು ಪ್ರಶ್ನೆಯಿಲ್ಲದೆ ಬಿಟ್ಟುಬಿಡಲಾಗದು.

ಈಗ ನಿಮ್ಮ ಮನೆಯ ವಾದಕ್ಕೆ ಬರುತ್ತೇನೆ. ಕಣ್ಗಾವಲು ಬೇಕು ಅನ್ನುವ ನಿಮ್ಮ ಮಾತು ಸರಿ. ಎಲ್ಲರ ಮೇಲೂ ಬೇಕು ಅನ್ನುವುದು ಸರಿಯಲ್ಲ. ಮಗಳು ಕಣ್ಗಾವಲೇ ಬೇಡ ಎಂದು ವಾದಿಸಿದರೆ ಸೋಲುತ್ತಾಳೆ, ಸೋಲಬೇಕಾದದ್ದೂ ಹೌದು. ಎದುರಿನವರು ಖಂಡಿತ 26/11 ಎತ್ತುತ್ತಾರೆ. ಅವರು ಎತ್ತುವ ಮೊದಲೇ ಅವಳು ಎತ್ತಲಿ. ದಾಳಿಗೆ ಮೊದಲು ಯಾರಿಗೆ ಏನೇನು ಗೊತ್ತಿತ್ತು ಎಂದು ಒಂದೊಂದಾಗಿ ಹೇಳಲಿ. ಆಮೇಲೆ ಆ 15,000 ಆದೇಶಗಳ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ.

ಪುಟ್ಟಸ್ವಾಮಿ ತೀರ್ಪು 547 ಪುಟ ಇದೆ. ಸ್ಪರ್ಧೆಗೆ ಮೊದಲು ಎಲ್ಲ ಓದಲು ಆಗುವುದಿಲ್ಲ. ಕೊನೆಯಲ್ಲಿ ಒಂಬತ್ತೂ ಜನ ಸಹಿ ಹಾಕಿದ ಆದೇಶ ತುಂಬಾ ಚಿಕ್ಕದು. ಒಂದು ಸಂಜೆ ಕಾಫಿ ಮಾಡಿಕೊಂಡು ಇಬ್ಬರೂ ಜೊತೆಗೆ ಕೂತು ಅಷ್ಟನ್ನು ಓದಿ. ಎಲ್ಲಾದರೂ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ.